ಆಯ್ತು ಮೇಡಂ

ನಮ್ಮ ಇಲಾಖೆಯಲ್ಲಿ ಹಿಮ್ಮಾಹಿತಿ ಎಂಬ ಶಬ್ದವೊಂದಿದೆ. ಯಾವ ತರಬೇತಿಗೆ ಹೋದರೂ ಕೊನೆಯ ಅರ್ಧ ಗಂಟೆ ಅದಕ್ಕೇ ಮೀಸಲು. ತರಬೇತಿ ಹೇಗಿತ್ತು, ಮುಚ್ಚುಮರೆ ಇಲ್ಲದೆ ಹೇಳಿ ಎಂದು ಪಾಠ ಮಾಡಿದವರು ಕೈಮುಗಿದು ಕೇಳುತ್ತಾರೆ. ನಾವು ಒಬ್ಬೊಬ್ಬರಾಗಿ ಎದ್ದು, ತುಂಬ ಉಪಯುಕ್ತವಾಗಿತ್ತು, ಊಟದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು ಎನ್ನುತ್ತೇವೆ. ದಿನವಿಡೀ ತೂಕಡಿಸಿದವರೂ ಹಾಗೇ ಅನ್ನುತ್ತಾರೆ. ಉಪ್ಪಿಟ್ಟು ತಣ್ಣಗಿತ್ತೆಂದು ಹೊರಗೆ ಗೊಣಗಿದವರೇ ಒಳಗೆ ಬಂದು ಊಟವನ್ನು ಹೊಗಳಿರುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿ, ಬಸ್ಸು ಹಿಡಿದು ಮನೆಗೆ ಹೋಗುತ್ತಾರೆ.

ಸೊರಬದಲ್ಲಿ ನಡೆದ ಅಂಥದೊಂದು ತರಬೇತಿಯಲ್ಲಿ ನಾನು ಎದ್ದು ನಿಂತು, ಇಲ್ಲಿ ನನಗೆ ಗೊತ್ತಿಲ್ಲದ ಒಂದು ಮಾತನ್ನೂ ಯಾರೂ ಹೇಳಲಿಲ್ಲ ಎಂದುಬಿಟ್ಟೆ. ಅವರೇ ಕೇಳಿದ್ದರು, ಅದಕ್ಕೆ ಹೇಳಿದೆ. ಆಮೇಲೆ ಚಹಾ ಕುಡಿಯುವಾಗ ನನ್ನ ಹತ್ತಿರ ಯಾರೂ ಸುಳಿಯಲಿಲ್ಲ. ಲೋಟ ಹಿಡಿದು ಬಂದು ಪಕ್ಕದಲ್ಲಿ ನಿಂತವರು ಒಬ್ಬರೇ, ನಮ್ಮ ಶಾಲೆಯ ವಿಜ್ಞಾನದ ಮೇಡಂ. ಅಷ್ಟೂ ಜನರಲ್ಲಿ ಸತ್ಯ ಹೇಳಿದ್ದು ನೀವೊಬ್ಬರೇ ಎಂದರು. ನನಗೆ ಅವರು ಇಷ್ಟವಾಗಿದ್ದು ಆವತ್ತೇ.

ನಮ್ಮದು ಸರ್ಕಾರಿ ಪ್ರೌಢಶಾಲೆ. ಊರು ಸೊರಬ ತಾಲೂಕಿಗೆ ಸೇರಿದ್ದು, ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ರಸ್ತೆಯಲ್ಲಿದೆ. ನಾನು ಅಲ್ಲಿ ಗಣಿತ ಕಲಿಸುತ್ತೇನೆ. ನನ್ನ ಮನೆ ಶಿಕಾರಿಪುರದಲ್ಲಿ, ಓಡಾಟ ಬಸ್ಸಿನಲ್ಲಿ. ಸಂಜೆ ಗಂಟೆ ಹೊಡೆದ ತಕ್ಷಣ ಹೊರಡುವ ಬಸ್ಸು ತಪ್ಪಿದರೆ ಕತ್ತಲಾಗುವವರೆಗೆ ಇನ್ನೊಂದಿಲ್ಲ. ವಿಜ್ಞಾನದ ಮೇಡಂ ಜಡೆ ಕಡೆಯವರು. ಶಾಲೆಯ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದರು. ಮೆಲುಮಾತಿನವರು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ನನ್ನದು ಮೂಗಿನ ಮೇಲೆ ಕೋಪ ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು, ಆದರೆ ಸುಮ್ಮಸುಮ್ಮನೆ ಬಂದದ್ದಿಲ್ಲ.

ಆ ತರಬೇತಿಯಿಂದ ಮರಳುವಾಗ ಬಸ್ಸಿನಲ್ಲಿ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಶನಿವಾರ ಬೆಳಗಿನ ಶಾಲೆ. ಒಂದು ಶನಿವಾರ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಅವರು ಕೂರುವುದು, ಮುಂದಿನ ಶನಿವಾರ ಅವರ ಕ್ಲಾಸಿನಲ್ಲಿ ನಾನು. ಶಾಲೆ ಬಿಟ್ಟ ಮೇಲೆ ಅವರ ಮನೆಯಲ್ಲಿ ಅಕ್ಕಿ ರೊಟ್ಟಿ ತಿನ್ನುತ್ತ ಕಂಡದ್ದನ್ನು ಕಂಡ ಹಾಗೆ ಹೇಳುವುದು. ದಾಕ್ಷಿಣ್ಯ ಮಾಡಬಾರದು. ಇಲಾಖೆ ಮಾಡಲಾರದ್ದನ್ನು ನಾವಿಬ್ಬರು ಹೆಂಗಸರು ರೊಟ್ಟಿ ತಟ್ಟೆಯ ಮುಂದೆ ಮಾಡಿ ತೋರಿಸುತ್ತೇವೆ ಎಂಬ ಹುಮ್ಮಸ್ಸು ನನಗಿತ್ತು.

ನಾನು ನನ್ನ ಮಾತು ಉಳಿಸಿಕೊಂಡೆ. ನೀವು ಚಿತ್ರ ಬಿಡಿಸುವಾಗ ಮಕ್ಕಳಿಗೆ ಪೂರ್ತಿ ಬೆನ್ನು ಹಾಕುತ್ತೀರಿ ಎಂದೆ. ಮುಂದಿನ ಬೆಂಚಿನ ಹುಡುಗಿಯರನ್ನು ಬಿಟ್ಟು ಬೇರೆಯವರನ್ನು ಕೇಳುವುದೇ ಇಲ್ಲ ಎಂದೆ. ವಾಕ್ಯದ ಕೊನೆಯನ್ನು ನುಂಗುತ್ತೀರಿ, ಹಿಂದೆ ಕೂತವರಿಗೆ ಕ್ರಿಯಾಪದವೇ ಸಿಗುವುದಿಲ್ಲ ಎಂದೂ ಹೇಳಿದೆ. ಆ ದಿನ ಅವರ ಕಣ್ಣು ತುಂಬಿತು. ಆದರೂ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಒಂದೊಂದನ್ನೇ ತಿದ್ದಿಕೊಂಡರು. ಆ ವರ್ಷ ಮುಗಿಯುವುದರೊಳಗೆ ಅವರ ಕ್ಲಾಸಿನಲ್ಲಿ ಕೂರುವುದೇ ಒಂದು ಖುಷಿಯಾಗಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನನ್ನ ಪಾಠದ ಬಗ್ಗೆ ಅವರ ಮಾತು ಪ್ರತಿ ಸಲವೂ ಒಂದೇ. "ನಿಮ್ಮ ಕ್ಲಾಸಲ್ಲಿ ತಪ್ಪು ಅಂತ ಬೆರಳಿಡೋಕೆ ಜಾಗವೇ ಇಲ್ಲ ಮಾರಾಯ್ರೆ."

ಸರಿಯಾಗಿ ನೋಡಿ ಹೇಳಿ ಎಂದು ಒತ್ತಾಯ ಮಾಡುತ್ತಿದ್ದೆ. ನೋಡಿಯೇ ಹೇಳಿದ್ದು ಎನ್ನುತ್ತಿದ್ದರು. ನಾನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ. ಕ್ಲಾಸಿನಲ್ಲಿ ಒಂದು ಲೆಕ್ಕ ಮುಗಿಸಿ, ಅರ್ಥ ಆಯ್ತಾ ಎಂದು ಕೇಳಿದರೆ ಇಡೀ ಕ್ಲಾಸು ಒಂದೇ ರಾಗದಲ್ಲಿ "ಆಯ್ತೂ ಮೇಡಂ" ಎನ್ನುತ್ತಿತ್ತು. ನಮ್ಮ ಕಡೆಯ ಎಲ್ಲ ಶಾಲೆಗಳಲ್ಲೂ ಇದೇ ರಾಗ. ನಾನೂ ಚಿಕ್ಕವಳಿದ್ದಾಗ ಶಿಕಾರಿಪುರದಲ್ಲಿ ಇದೇ ರಾಗ ಎಳೆದವಳೇ. ಪರೀಕ್ಷೆಯಲ್ಲೂ ಮಕ್ಕಳು ಒಳ್ಳೆಯ ಅಂಕ ತೆಗೆಯುತ್ತಿದ್ದರು. ಹತ್ತನೆಯ ತರಗತಿಯ ಗಣಿತದ ಫಲಿತಾಂಶ ಚೆನ್ನಾಗಿದೆಯೆಂದು ತಾಲೂಕಿನ ಶಿಕ್ಷಕರ ದಿನಾಚರಣೆಯಲ್ಲಿ ನನಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ವಿಜ್ಞಾನದ ಮೇಡಂ.

ಇನ್ನು ಹತ್ತನೆಯ ತರಗತಿಯ ಒಬ್ಬ ಹುಡುಗಿಯ ವಿಷಯ. ನಾನು ಹೋಗಿಬರುವ ಬಸ್ಸಿನಲ್ಲೇ ಅವಳೂ ಬರುತ್ತಿದ್ದಳು. ಶಾಲೆಗೂ ಶಿಕಾರಿಪುರಕ್ಕೂ ನಡುವೆ ಒಂದು ಕ್ರಾಸಿನಲ್ಲಿ ಹತ್ತುವುದು, ಇಳಿಯುವುದು. ಕ್ರಾಸಿನಿಂದ ಒಳಗೆ ಹೊಲದ ಹಾದಿಯಲ್ಲಿ ಅವಳ ಹಳ್ಳಿ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು. ಹುಡುಗಿ ಕನ್ನಡದಲ್ಲಿ ಮುಂದು, ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ನರ್ಸಿಂಗೋ ಲ್ಯಾಬೋ ಏನಾದರೂ ಓದಬೇಕೆಂದು ಅವಳ ಆಸೆ. ಸೈನ್ಸ್ ಎಂದರೆ ಶಿಕಾರಿಪುರಕ್ಕೆ ಹೋಗಬೇಕು, ಹಾಸ್ಟೆಲ್ ಹಿಡಿಯಬೇಕು. ಹುಡುಗಿಗೆ ಗಣಿತ ಬರುತ್ತದೆ ಎಂದಾದರೆ ಮಾತ್ರ ಕಳಿಸುವುದು ಎಂದು ಅಪ್ಪ ಹೇಳಿದ್ದರಂತೆ. ಗಣಿತದಲ್ಲಿ ಅವಳು ಪಾಸಿನ ಅಂಚಿನಲ್ಲಿ ತೂಗಾಡುತ್ತಿದ್ದಳು. ಅವಳಿಗಿಂತ ಎಷ್ಟೋ ಮಂಕಾದ ಮಕ್ಕಳು ಸಮರೂಪ ತ್ರಿಭುಜದ ಲೆಕ್ಕವನ್ನು ಸಲೀಸಾಗಿ ಮಾಡಿ ಕೊಡುವಾಗ ಇವಳ ಹಾಳೆ ಅರ್ಧಕ್ಕೇ ನಿಂತಿರುತ್ತಿತ್ತು. ನನಗೂ ಬೇಸರವೇ ಆಗುತ್ತಿತ್ತು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಪಾಲಕರ ಸಭೆ ನಡೆಯಿತು. ಅವಳ ಅಪ್ಪ ಆಟೋವನ್ನು ಗೇಟಿನ ಹೊರಗೆ ನಿಲ್ಲಿಸಿ ಬಂದರು. ಮೇಜಿನ ಈಚೆ ನಾನು, ನನ್ನ ಪಕ್ಕದಲ್ಲಿ ವಿಜ್ಞಾನದ ಮೇಡಂ, ಆಚೆ ಅಪ್ಪ, ಅವರ ಹಿಂದೆ ಹುಡುಗಿ.

"ಹುಡುಗಿಗೆ ಸೈನ್ಸ್ ಬೇಕಂತೈತ್ರಿ ಮೇಡಂ. ನಮಗೇನು ಗೊತ್ತಾಗ್ತದ? ನೀವು ಇದ್ದದ್ದು ಇದ್ದಂಗೆ ಹೇಳ್ರಿ," ಎಂದರು.

ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ನನ್ನ ಹೆಮ್ಮೆಯಲ್ಲವೇ. ಹುಡುಗಿ ಒಳ್ಳೆಯವಳು, ಶ್ರಮ ಪಡುತ್ತಾಳೆ, ಆದರೆ ಗಣಿತ ಇವಳಿಗೆ ಒಗ್ಗುವುದಿಲ್ಲ ಎಂದೆ. ಇಡೀ ಕ್ಲಾಸಿಗೆ ಅರ್ಥವಾಗುವುದು ಇವಳೊಬ್ಬಳಿಗೆ ಆಗುತ್ತಿಲ್ಲ, ಸುಮ್ಮನೆ ಶಿಕಾರಿಪುರಕ್ಕೆ ಕಳಿಸಿ ಅಲ್ಲಿ ಫೇಲಾದರೆ ಕಷ್ಟ, ಸೊರಬದಲ್ಲಿ ಆರ್ಟ್ಸ್ ಕೊಡಿಸಿ ಎಂದೆ. ವಿಜ್ಞಾನದ ಮೇಡಂ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದರು. ನೀವೇನಂತೀರಿ ಎಂದು ಅವರ ಕಡೆ ತಿರುಗಿದೆ. ಮೇಡಂ ಹೇಳಿದ ಮೇಲೆ ಮುಗಿಯಿತಲ್ಲ ಎಂದು ಮೆಲ್ಲಗೆ ಅಂದರು. ಅಪ್ಪ ಎದ್ದು ನನಗೆ ಕೈಮುಗಿದರು. ಮುಲಾಜಿಲ್ಲದೆ ಹೇಳಿದಿರಿ, ದೊಡ್ಡ ಉಪಕಾರವಾಯಿತು ಎಂದರು. ಹುಡುಗಿ ತಲೆ ಎತ್ತಲಿಲ್ಲ.

ಇದಾಗಿ ಒಂದು ತಿಂಗಳು ಕಳೆದಿರಬೇಕು. ಒಂದು ಸಂಜೆ ನಾನೂ ಅವಳೂ ನಿಲ್ದಾಣದ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಸೊರಬದಲ್ಲೇ ಕೆಟ್ಟು ನಿಂತಿದೆ, ರಿಪೇರಿಯಾಗಿ ಬರಲು ತಡವಾಗುತ್ತದೆ ಎಂದು ಅಂಗಡಿಯವನು ಹೇಳಿದ. ಆಗ ನನಗೆ ಊಟದ ಡಬ್ಬಿಯನ್ನು ಶಾಲೆಯಲ್ಲೇ ಬಿಟ್ಟದ್ದು ನೆನಪಾಯಿತು. ತರಲು ಎದ್ದೆ.

"ನೀವು ಕೂತ್ಕೊಳ್ರಿ ಮೇಡಂ, ನಾನು ಓಡಿಹೋಗಿ ತರ್ತೀನಿ," ಎಂದು ಹುಡುಗಿ ಚೀಲ ಕೆಳಗಿಟ್ಟಳು.

ಬೇಡ ಎಂದೆ. ಅವಳು ಹಿಂದೆಯೇ ಬಂದು, ಬಸ್ ಬಂದುಬಿಟ್ಟರೆ ಎಂದಳು, ಡಬ್ಬಿ ನಾಳೆ ಸಿಗುತ್ತದೆ ಎಂದಳು. ಇವಳಿಗೇನು ಇವತ್ತು ಇಷ್ಟು ಮಾತು ಎಂದುಕೊಂಡು ನಾನು ಹೋದೆ.

ಶಾಲೆಯ ಗೇಟು ತೆರೆದೇ ಇತ್ತು. ಹತ್ತನೆಯ ತರಗತಿಯ ಕೋಣೆಯಿಂದ ಮಕ್ಕಳ ನಗು ಕೇಳಿಸಿತು. ನನ್ನ ಕ್ಲಾಸಿನಲ್ಲಿ ನಗು ಕೇಳಿದ ನೆನಪು ನನಗಿಲ್ಲ. ಕಿಟಕಿಯ ಪಕ್ಕದಲ್ಲಿ ನಿಂತೆ. ಬೋರ್ಡಿನ ಮೇಲೆ ಆ ದಿನ ಮಧ್ಯಾಹ್ನ ನಾನು ಮಾಡಿದ್ದ ವರ್ಗ ಸಮೀಕರಣವೇ ಇತ್ತು. ನಾನು ಮೂರು ಸಾಲಿನಲ್ಲಿ ಮುಗಿಸಿದ್ದನ್ನು ಬೋರ್ಡಿನ ಮೇಲಿಂದ ಕೆಳಗಿನವರೆಗೆ ಬಿಡಿಸಿ ಬರೆದಿದ್ದರು, ವಿಜ್ಞಾನದ ಮೇಡಂ. ಯಾರೋ ಒಬ್ಬ, ಈ ನಾಲ್ಕು ಎಲ್ಲಿಂದ ಬಂತು ಎಂದು ಕೇಳಿದ. ನನ್ನ ಕ್ಲಾಸಿನಲ್ಲಿ ಯಾವತ್ತೂ ಬಾಯಿ ತೆರೆಯದವನು ಅವನು. ಅವರು ಮತ್ತೆ ಮೇಲಿನಿಂದ ಶುರುಮಾಡಿದರು. ಮಕ್ಕಳಿಗೆ ಬೆನ್ನು ಹಾಕಲಿಲ್ಲ. ಹಿಂದಿನ ಬೆಂಚಿನವರನ್ನು ಕೇಳಿದರು. ವಾಕ್ಯದ ಕೊನೆ ಕಿಟಕಿಯ ಹೊರಗೆ ನಿಂತ ನನಗೂ ಸ್ಪಷ್ಟವಾಗಿ ಕೇಳಿಸಿತು. ನಾನು ಕಲಿಸಿದ್ದನ್ನೆಲ್ಲ ಚೆನ್ನಾಗಿಯೇ ಕಲಿತಿದ್ದರು.

"ನಿಧಾನಕ್ಕೆ ಬರ್ಕೊಳ್ಳಿ, ನಾನು ಅಳಿಸಲ್ಲ," ಎಂದರು. ಆಮೇಲೆ ಸೀಮೆಸುಣ್ಣ ಕೆಳಗಿಡುತ್ತ, "ಮೇಡಂ ಹತ್ರ ಹೇಳ್ಬೇಡಿ ಮತ್ತೆ. ಅವ್ರಿಗೆ ಬೇಜಾರಾಗ್ತದೆ," ಎಂದರು.

ಮಕ್ಕಳು "ಆಯ್ತೂ ಮೇಡಂ" ಎಂದರು. ಅದೇ ರಾಗ.

ಒಳಗೆ ಹೋಗಿ ನಾಲ್ಕು ಮಾತು ಆಡಬೇಕಿತ್ತು. ನನ್ನಂಥವಳು ಆಡದೆ ಬರುವುದೆಂದರೇನು. ಆದರೆ ಕಿಟಕಿಯಿಂದ ಹಿಂದೆ ಸರಿದೆ. ಆಫೀಸಿನ ಬಾಗಿಲಲ್ಲಿ ಮುಖ್ಯೋಪಾಧ್ಯಾಯರು ಬೀಗದ ಕೈ ಗೊಂಚಲು ಹಿಡಿದು ಕೂತಿದ್ದರು. ಪಾಠ ಮುಗಿಯುವುದನ್ನೇ ಕಾಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅವರಿಗೂ ಗೊತ್ತಿತ್ತು. ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ.

ಬಸ್ಸಿನಲ್ಲಿ ಹುಡುಗಿಯ ಪಕ್ಕದಲ್ಲೇ ಕೂತೆ. ಎಷ್ಟು ದಿನದಿಂದ ಇದು ನಡೆದಿದೆ ಎಂದು ಕೇಳಿದೆ. ತಾನು ಎಂಟನೆಯ ತರಗತಿಗೆ ಸೇರುವ ಮೊದಲಿನಿಂದಲೂ ಇದೆ ಎಂದಳು. ಎಲ್ಲರೂ ಕೂರುತ್ತಾರಾ ಎಂದೆ. ಹೂಂ ಎಂದಳು. ಹಾಗಾದರೆ ನೀನು ಯಾಕೆ ಕೂರುವುದಿಲ್ಲ ಎಂದೆ.

"ಕತ್ತಲಾಗೋದ್ರೊಳಗೆ ನಮ್ಮ ಕ್ರಾಸಿಗೆ ಇದೊಂದೇ ಬಸ್ಸಲ್ರೀ ಮೇಡಂ."

ಇಷ್ಟು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು. ಇಡೀ ಕ್ಲಾಸಿಗೆ ಅರ್ಥವಾಗುವುದು ಇವಳೊಬ್ಬಳಿಗೆ ಯಾಕೆ ಆಗುತ್ತಿರಲಿಲ್ಲ ಎಂದು ಆಗ ನನಗೆ ಗೊತ್ತಾಯಿತು. ಇಡೀ ಕ್ಲಾಸಿಗೂ ಆಗುತ್ತಿರಲಿಲ್ಲ. ಉಳಿದವರಿಗೆ ಸಂಜೆ ಇನ್ನೊಮ್ಮೆ ಪಾಠ ಸಿಗುತ್ತಿತ್ತು, ಇವಳಿಗೆ ಸಿಗುತ್ತಿದ್ದುದು ನಾನೊಬ್ಬಳೇ. ಕ್ರಾಸು ಬಂದಾಗ ಅವಳು ಬರ್ತೀನಿ ಮೇಡಂ ಎಂದು ಇಳಿದಳು.

ಶನಿವಾರ ವಿಜ್ಞಾನದ ಮೇಡಂ ಮನೆಗೆ ಹೋದೆ. ಅಡಿಗೆಮನೆಯ ಬಾಗಿಲಲ್ಲೇ ನಿಂತೆ, ಕೂರಲಿಲ್ಲ. ಮುಖ್ಯೋಪಾಧ್ಯಾಯರು ಹೇಳಿದ್ದಿರಬೇಕು, ಅವರಿಗೆ ಎಲ್ಲ ಗೊತ್ತಾಗಿತ್ತು. ಒಲೆಯ ಮೇಲೆ ರೊಟ್ಟಿ ಇತ್ತು. ಹೇಳಬೇಕೆಂದು ಎಷ್ಟೋ ಶನಿವಾರ ಬಾಯಿಯವರೆಗೆ ಬಂದಿತ್ತು ಎಂದರು. ನನ್ನ ಕೋಪಕ್ಕೆ ಹೆದರಿದರಂತೆ. ನಮ್ಮ ಡ್ರಾಯಿಂಗ್ ಸರ್ ಜೊತೆ ನಾನು ವರ್ಷಗಟ್ಟಲೆ ಮಾತು ಬಿಟ್ಟಿದ್ದನ್ನು ನೆನಪಿಸಿದರು. ಆ ಸಂಗತಿಯೇ ಬೇರೆ. ನಾನು ಬೋರ್ಡಿನ ಮೇಲೆ ಬರೆಯುವ ವೃತ್ತ ಹಲಸಿನ ಹಣ್ಣಿನ ಹಾಗಿರುತ್ತದೆ ಎಂದು ಆ ಮನುಷ್ಯ ಮಕ್ಕಳ ಮುಂದೆ ಹೇಳಿದ್ದ. ಇವರ ಜೊತೆಯೂ ಹಾಗೇ ಮಾತು ಬಿಟ್ಟರೆ, ಶನಿವಾರದ ಊಟಕ್ಕೆ ಬರುವುದನ್ನು ನಿಲ್ಲಿಸಿಬಿಟ್ಟರೆ ಎಂದು ಸುಮ್ಮನಿದ್ದರಂತೆ.

ನಾನು ಕೂಗಾಡಲಿಲ್ಲ. ನಿಮಗೆ ನಾನು ಹೇಳಿದ್ದೆಲ್ಲ ನಿಜವಾಗಿತ್ತು, ನೀವು ನನಗೆ ಹೇಳಿದ್ದರಲ್ಲಿ ಒಂದಾದರೂ ನಿಜವಿತ್ತಾ ಎಂದು ಕೇಳಿದೆ. ಅವರು ಅಳತೊಡಗಿದರು.

"ನನಗೆ ಹೇಳಲಿಲ್ಲ, ಹೋಗಲಿ," ಎಂದೆ. "ಆವತ್ತು ಆ ಹುಡುಗಿ ಅಪ್ಪನ ಮುಂದೆ ಯಾಕೆ ಸುಮ್ಮನೆ ಕೂತ್ರಿ?"

ಕಾವಲಿಯ ಮೇಲೆ ರೊಟ್ಟಿ ಸೀದು ವಾಸನೆ ಬಂತು. ಅವರು ಅದನ್ನು ತೆಗೆದು ಪಕ್ಕಕ್ಕಿಟ್ಟರು.

"ಪಾಲಕರ ಎದುರಿಗೆ ನಿಮ್ಮನ್ನ ಹ್ಯಾಂಗೆ ಸಣ್ಣ ಮಾಡ್ಲಿ ನಾನು?"

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಹಿಂದೆ ನನ್ನನ್ನು ಆಡಿಕೊಂಡಿದ್ದರೆ, ನನ್ನ ಹೆಸರು ಕೆಡಿಸಿದ್ದರೆ, ನಾಲ್ಕು ಮಾತು ಬೈದು ಮರೆಯಬಹುದಿತ್ತು. ಇವರು ಸಂಬಳವಿಲ್ಲದೆ, ಸುಸ್ತಾದ ಮೈಯಲ್ಲಿ, ನನ್ನ ಕೆಲಸವನ್ನು ಮಾಡಿ, ಅದರ ಶಾಲನ್ನು ನನಗೆ ಹೊದಿಸಿ ಚಪ್ಪಾಳೆ ತಟ್ಟಿದ್ದರು. ಇದಕ್ಕೆ ಏನೆಂದು ಬೈಯುವುದು? ಆದರೂ ನನಗೆ ಮೋಸವಾಗಿದೆ, ಅಷ್ಟಂತೂ ನಿಜ. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಬುದ್ಧಿ ಸ್ವಲ್ಪ ಮಂಕಾದವರಿಗೆ ಹೇಳದೆ ಸಂಭಾಳಿಸುತ್ತಾರಲ್ಲ, ಹಾಗೆ ನನ್ನನ್ನು ಸಂಭಾಳಿಸಿದ್ದರು. ಆವತ್ತು ರೊಟ್ಟಿ ತಿನ್ನದೆ ಬಂದೆ. ಆ ಮನೆಗೆ ಮತ್ತೆ ಊಟಕ್ಕೆ ಹೋಗಿಲ್ಲ.

ಸೋಮವಾರ ಹತ್ತನೆಯ ತರಗತಿಗೆ ಹೋಗಿ ಕುರ್ಚಿಯಲ್ಲಿ ಕೂತೆ. ನನ್ನ ಪಾಠದಲ್ಲಿ ಏನು ತಪ್ಪಿದೆ, ಹೇಳಿ ಎಂದೆ. ಹೇಳುವವರೆಗೆ ಸೀಮೆಸುಣ್ಣ ಮುಟ್ಟುವುದಿಲ್ಲ ಎಂದೆ. ಅರ್ಧ ಪಿರಿಯಡ್ ಹಾಗೇ ಕಳೆಯಿತು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ನೀವು ಬಲಗೈಯಲ್ಲಿ ಬರೆಯುತ್ತ ಹೋಗುತ್ತೀರಿ, ಎಡಗೈಯಲ್ಲಿ ಅಳಿಸುತ್ತ ಬರುತ್ತೀರಿ, ನಾವು ಬರೆದುಕೊಳ್ಳುವುದರೊಳಗೆ ಲೆಕ್ಕ ಇರುವುದಿಲ್ಲ ಎಂದ. ಅವನು ಕೂತ ಮೇಲೆ ಇನ್ನೊಬ್ಬಳು ಎದ್ದಳು. ಇದು ನಿಮಗೆ ಗೊತ್ತೇ ಇದೆ ಎನ್ನುತ್ತ ನಡುವಿನ ಸಾಲುಗಳನ್ನು ಹಾರಿಸುತ್ತೀರಿ, ನಮಗೆ ಅದೇ ಗೊತ್ತಿರುವುದಿಲ್ಲ ಎಂದಳು. ಬಸ್ಸಿನ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

ಇದ್ದದ್ದು ಇಷ್ಟೇ. ಎಡಗೈಯನ್ನು ಸುಮ್ಮನಿಡಬೇಕಿತ್ತು, ಸಾಲು ಹಾರಿಸಬಾರದಿತ್ತು. ಒಂದೇ ವಾರದಲ್ಲಿ ತಿದ್ದಿಕೊಂಡೆ. ಇಷ್ಟು ಚಿಕ್ಕ ಮಾತನ್ನು ಒಂದು ಶನಿವಾರ ಅಂದಿದ್ದರೆ ಸಾಕಿತ್ತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಕೋಪ ಬರುತ್ತಿತ್ತು, ಬರಲಿ. ಕೋಪ ಇಳಿದ ಮೇಲೆ ಎಡಗೈ ನಿಲ್ಲುತ್ತಿತ್ತು.

ಹುಡುಗಿಗೆ ಬಸ್ಸಿನಲ್ಲೇ ಪಾಠ ಶುರುಮಾಡಿದೆ. ಬೆಳಗ್ಗೆ ಕ್ರಾಸಿನಿಂದ ಶಾಲೆಯವರೆಗೆ, ಸಂಜೆ ಶಾಲೆಯಿಂದ ಕ್ರಾಸಿನವರೆಗೆ. ಕುಲುಕಾಟಕ್ಕೆ ಬರೆಯಲು ಆಗುತ್ತಿರಲಿಲ್ಲ, ಬಾಯಲ್ಲೇ ಮಾಡಿಸುತ್ತಿದ್ದೆ. ಒಂದು ಹೆಜ್ಜೆ ಹೇಳಿದರೆ ಮುಂದಿನ ಎರಡು ಹೆಜ್ಜೆಯನ್ನು ಅವಳೇ ಹೇಳುತ್ತಿದ್ದಳು. ಯಾಕೆ ಎಂದು ಕೇಳುತ್ತಿದ್ದಳು. ಗಣಿತ ಒಗ್ಗುವುದಿಲ್ಲ ಎಂದು ನಾನು ತೀರ್ಪು ಕೊಟ್ಟದ್ದು ಈ ಹುಡುಗಿಗೆ.

ಫಲಿತಾಂಶ ಬಂದ ದಿನ ಅವಳು ಅಪ್ಪನ ಜೊತೆ ಪೇಡೆ ಹಿಡಿದು ಶಾಲೆಗೆ ಬಂದಳು. ಗಣಿತದಲ್ಲಿ ಕ್ಲಾಸಿಗೇ ಎರಡನೆಯವಳು. ನಾನು ಅಪ್ಪನನ್ನು ಕೂರಿಸಿ, ಆವತ್ತು ನಾನು ಹೇಳಿದ್ದು ತಪ್ಪು, ತಪ್ಪಾಗಿದ್ದದ್ದು ನನ್ನ ಪಾಠ, ಇವಳದಲ್ಲ, ಸೈನ್ಸಿಗೇ ಕಳಿಸಿ ಎಂದೆ. ಆ ಮನುಷ್ಯ ನನ್ನನ್ನೇ ನೋಡಿದರು.

"ಆವತ್ತು ಹೇಳಿದ್ದು ಖರೇನೋ, ಇವತ್ತು ಹೇಳೋದು ಖರೇನೋ, ನಾವು ಹೆಂಗ್ ತಿಳಕೊಳ್ಳಾಣ್ರೀ ಮೇಡಂ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಹುಡುಗಿಯ ಕಡೆ ತಿರುಗಿದೆ. ಶಿಕಾರಿಪುರದಲ್ಲಿ ನನ್ನ ಮನೆಯಿದೆ, ಭಾನುವಾರ ಬಾ, ಗಣಿತ ನಾನು ಹೇಳಿಕೊಡುತ್ತೇನೆ, ಸೈನ್ಸ್ ತಗೋ, ಹೆದರಬೇಡ ಎಂದೆ. ಮಾತಿನ ಭರದಲ್ಲಿ ಹಳೆಯ ರೂಢಿಯೂ ಬಾಯಿಗೆ ಬಂತು. ಅರ್ಥ ಆಯ್ತಾ ಎಂದೆ.

"ಆಯ್ತೂ ಮೇಡಂ," ಎಂದಳು.

ಅವರು ಹೋದ ಮೇಲೆ ವಿಜ್ಞಾನದ ಮೇಡಂ ನನ್ನ ಮೇಜಿನ ಹತ್ತಿರ ಬಂದು, ಒಪ್ಪಿದಳಲ್ಲ, ಸಮಾಧಾನ ಮಾಡಿಕೊಳ್ಳಿ ಎಂದರು. ನಾನು ತಲೆಯಾಡಿಸಿದೆ.

ಜೂನ್‌ನಲ್ಲಿ ಪಿಯು ಕಾಲೇಜು ಶುರುವಾದ ಮೇಲೆ ಒಂದು ಬೆಳಗ್ಗೆ, ಕ್ರಾಸಿನಲ್ಲಿ ಅವಳು ನನ್ನ ಬಸ್ಸನ್ನೇ ಹತ್ತಿದಳು. ಸೈನ್ಸಿಗೆ ಸೇರಿದವಳಾದರೆ ಈ ಹೊತ್ತಿಗೆ ಶಿಕಾರಿಪುರದ ಹಾಸ್ಟೆಲಿನಲ್ಲಿರಬೇಕಿತ್ತು. ಹೊಸ ಚೂಡಿದಾರ, ಹೊಸ ಚೀಲ. ನಾನು ಕೂತದ್ದು ಅವಳಿಗೆ ಕಾಣಲಿಲ್ಲ. ಕಂಡಕ್ಟರ್ ಹತ್ತಿರ ಬಂದಾಗ ಆಧಾರ್ ಕಾರ್ಡು ತೋರಿಸಿ ಸೊರಬ ಎಂದಳು. ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟ. ಸೊರಬದ ಕಾಲೇಜಿನಲ್ಲಿ ಇರುವುದೆಂದರೆ ನಾನು ಹೇಳಿದ್ದ ಆರ್ಟ್ಸೇ. ತಿರುಗಿದಾಗ ನನ್ನನ್ನು ನೋಡಿ ಬೆಚ್ಚಿದಳು. ಪಕ್ಕದ ಸೀಟು ತೋರಿಸಿದೆ, ಬಂದು ಕೂತಳು.

ಯಾವಾಗ ಸೇರಿದೆ ಎಂದು ಕೇಳಿದೆ. ಫಲಿತಾಂಶದ ಮರುದಿನವೇ ಅಪ್ಪ ಸೇರಿಸಿದರು ಎಂದಳು. ನಿನಗೆ ಇಷ್ಟವಿತ್ತಾ ಎಂದೆ. ಗಣಿತ ತನಗೆ ಒಗ್ಗುವುದಿಲ್ಲ ಎಂದು ತನಗೂ ಅನ್ನಿಸಿತು ಎಂದಳು. ನನ್ನದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ.

"ಹಾಗಾದರೆ ಆವತ್ತು ಆಯ್ತು ಅಂದೆಯಲ್ಲವ್ವ. ನನಗೆ ಯಾಕೆ ಹೇಳಲಿಲ್ಲ?"

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿಮಗೆ ಬೇಜಾರಾಗ್ತದೆ ಅಂತ ಮೇಡಂ."

ಶಾಲೆಯ ನಿಲ್ದಾಣ ಬಂತು. ನನಗೆ ಇಳಿಯಲು ದಾರಿ ಕೊಡಬೇಕೆಂದು ಅವಳು ಎದ್ದು ನಿಂತಳು.